ಕುದುರೆ ಸೋತರೆ ಜಾಕಿಗೆ ಬೈಯುವ ಮೊದಲು

ಮೊನ್ನೆ ಶಿವಮೊಗ್ಗದ ಗೋಪಿ ಸರ್ಕಲ್ ಹತ್ತಿರ ಟೀ ಕುಡಿಯುತ್ತಾ ನಿಂತಿದ್ದೆ. ಹೊರಗೆ ಜಿಟಿಜಿಟಿ ಮಳೆ. ಪಕ್ಕದಲ್ಲಿ ಇಬ್ಬರು ಒಂದೇ ಮೊಬೈಲಿಗೆ ತಲೆ ಹಾಕಿಕೊಂಡು ಬೆಂಗಳೂರಿನ ರೇಸ್ ನೋಡುತ್ತಿದ್ದರು. ಫೇವರಿಟ್ ಕುದುರೆ ತಿರುವು ದಾಟುವವರೆಗೂ ಮುಂದೆಯೇ ಇತ್ತು, ಆಮೇಲೆ ಯಾರೋ ಬಾಲ ಹಿಡಿದು ಎಳೆದ ಹಾಗೆ ಒಂದೊಂದೇ ಕುದುರೆಗೆ ದಾರಿ ಬಿಟ್ಟುಕೊಡುತ್ತಾ ಕೊನೆಗೆ ಬಂತು. "ಮಾರ್ಕೊಂಡ ನೋಡು ಜಾಕಿ" ಅಂದ ಒಬ್ಬ. ಇನ್ನೊಬ್ಬ ಹೂಂ ಅಂದ. ಅಷ್ಟೇ. ಟೀ ಆರುವುದರೊಳಗೆ ತನಿಖೆಯೂ ಮುಗಿಯಿತು, ತೀರ್ಪೂ ಬಂತು.

ಜಾಕಿಗಳೆಲ್ಲ ಸಾಚಾ ಅಂತ ನಾನು ಹೇಳುತ್ತಿಲ್ಲ. ಲಗಾಮು ಎಳೆದು ಸೋಲಿಸುವುದು ಉಂಟು, ಮದ್ದು ಹಾಕುವುದೂ ಉಂಟು. ಅದಕ್ಕೇ ಅಲ್ವಾ ರಕ್ತ, ಮೂತ್ರದ ಪರೀಕ್ಷೆ ಇರುವುದು? ನನ್ನ ಸಿಟ್ಟು ಬೇರೆ ಕಡೆ. ಚೆನ್ನಾಗಿ ಓಡುತ್ತಿದ್ದ ಕುದುರೆ ಇದ್ದಕ್ಕಿದ್ದಂತೆ ಕೈಕೊಟ್ಟರೆ, ಅದರ ಬೆನ್ನ ಮೇಲೆ ಕೂತು ಎಲ್ಲ ಕೇಳಿಸಿಕೊಂಡವನು ಆ ಜಾಕಿ ಒಬ್ಬನೇ. ಸಾಕ್ಷಿಯನ್ನೇ ಕಳ್ಳ ಅಂದುಬಿಟ್ಟರೆ ಅವನು ಯಾಕೆ ಬಾಯಿ ಬಿಡುತ್ತಾನೆ?

ಏನು ಕೇಳಿಸುತ್ತದೆ ಅಂತ ಕೇಳಿ. ಕುದುರೆಗೆ ನಮ್ಮ ಹಾಗೆ ಬಾಯಿಂದ ಉಸಿರಾಡಲು ಆಗುವುದಿಲ್ಲ, ಅದಕ್ಕೆ ಮೂಗೇ ಗತಿ. ನಾಗಾಲೋಟದಲ್ಲಿ ಒಂದು ನೆಗೆತಕ್ಕೆ ಒಂದೇ ಉಸಿರು, ಲೆಕ್ಕ ತಪ್ಪುವ ಹಾಗಿಲ್ಲ. ಆ ಹೊತ್ತಿನಲ್ಲಿ ಅಂಗುಳಿನ ಹಿಂದಿನ ಮೆತ್ತನೆ ಭಾಗ ಜಾಗ ಬಿಟ್ಟು ಮೇಲೆದ್ದು ಗಾಳಿಯ ದಾರಿಗೆ ಅಡ್ಡ ಬಂದರೆ, ಗಂಟಲಲ್ಲಿ ಗುಳುಗುಳು ಸದ್ದು ಬರುತ್ತದೆ, ಕುದುರೆ ಗಕ್ಕನೆ ನಿಂತಂತಾಗುತ್ತದೆ. ಓಟ ನಿಂತ ಮೇಲೆ ಕುದುರೆ ಒಂದು ಸಲ ಗುಟುಕರಿಸಿತು ಅನ್ನಿ, ಎಲ್ಲ ತನ್ನ ಜಾಗಕ್ಕೆ ಹೋಗಿ ಕೂರುತ್ತದೆ. ಲಾಯದಲ್ಲಿ ಸುಮ್ನೆ ನಿಂತ ಕುದುರೆಯ ಮೂಗಿಗೆ ಎಂಡೋಸ್ಕೋಪ್, ಅಂದರೆ ಒಳಗೆ ನೋಡುವ ಕ್ಯಾಮೆರಾ ಕೊಳವೆ, ಹಾಕಿದರೆ ಏನೂ ಕಾಣದೇ ಹೋಗಬಹುದು. ಓಡುತ್ತಿರುವಾಗಲೇ ನೋಡಬೇಕು, ಅದಕ್ಕೆ ತಲೆಗೆ ಕಟ್ಟುವ ಎಂಡೋಸ್ಕೋಪ್ ಇದೆ. ಆದರೆ ಅದನ್ನು ಕಟ್ಟಿ ನೋಡೋಣ ಅಂತ ಡಾಕ್ಟರಿಗೆ ಹೊಳೆಯಬೇಕಾದರೂ ಜಾಕಿ "ಸಾರ್, ಸದ್ದು ಬಂತು" ಅನ್ನಬೇಕು.

ಹೃದಯದ ಕತೆ ಇನ್ನೂ ವಿಚಿತ್ರ. ಬ್ರಿಟನ್ನಿನಲ್ಲಿ ಸ್ಪ್ರಿಂಟರ್ ಸಾಕ್ರೆ ಅಂತ ಒಂದು ಕುದುರೆ ಇತ್ತು. ಬೇಲಿ ಹಾರುತ್ತಾ ಓಡುವ ರೇಸ್‌ಗಳಲ್ಲಿ ಸಾಲಾಗಿ 10 ಗೆದ್ದಿತ್ತು. 2013ರ ಡಿಸೆಂಬರಿನಲ್ಲಿ ಕೆಂಪ್ಟನ್‌ನಲ್ಲಿ ನಡು ಓಟದಲ್ಲೇ ಜಾಕಿ ಅದನ್ನು ನಿಲ್ಲಿಸಿಬಿಟ್ಟ. ನೋಡಿದರೆ ಹೃದಯದ ಬಡಿತವೇ ತಾಳ ತಪ್ಪಿತ್ತು. ಆಮೇಲೆ ಚೇತರಿಸಿಕೊಂಡು 2016ರಲ್ಲಿ ಚೆಲ್ಟನ್‌ಹ್ಯಾಮ್‌ನ ಚಾಂಪಿಯನ್ ಚೇಸ್ ಗೆದ್ದೂಬಿಟ್ಟಿತು, ಅದು ಬೇರೆ ಮಾತು. ಈ ತಾಳ ತಪ್ಪುವ ಕಾಯಿಲೆ, ಏಟ್ರಿಯಲ್ ಫಿಬ್ರಿಲೇಷನ್, ಎಷ್ಟೋ ಸಲ ಒಂದೆರಡು ದಿನದಲ್ಲಿ ತಾನಾಗಿಯೇ ಸರಿಹೋಗುತ್ತದೆ. ನಾಳೆ ನೋಡೋಣ ಅಂದರೆ ನಾಳೆ ಅದು ಇರುವುದಿಲ್ಲ! ಹಿಡಿಯಬೇಕಾದರೆ ಕುದುರೆ ಒಳಗೆ ಬಂದ ಕೂಡಲೇ ಕೈ ಇಡಬೇಕು. ದವಡೆಯ ಕೆಳಗಿನ ಅಂಚಿನಲ್ಲಿ ಒಳಗಡೆಯಿಂದ ಎರಡು ಬೆರಳು ಒತ್ತಿದರೆ ದಾರದ ಹಾಗೆ ಒಂದು ರಕ್ತನಾಳ ಉರುಳುತ್ತದೆ, ಅದರಲ್ಲಿ ನಾಡಿ ಸಿಗುತ್ತದೆ. ಆರಾಮಾಗಿ ನಿಂತ ಕುದುರೆಗೆ ನಿಮಿಷಕ್ಕೆ 28ರಿಂದ 44. ಓಡಿ ಬಂದಾಗ ಸಹಜವಾಗಿ ಜಾಸ್ತಿ ಇರುತ್ತದೆ, ಆದರೆ ಜಾಸ್ತಿ ಇದ್ದರೂ ಒಂದು ಲಯ ಇರಬೇಕು. ಟಕ್ ಟಕ್... ಟಕ್... ಟಕ್‌ಟಕ್ಟಕ್ ಅಂದರೆ, ಆಗಲೇ ಡಾಕ್ಟರನ್ನು ಕರೆದು ಇಸಿಜಿ ತೆಗೆಸಬೇಕು.

ಶ್ವಾಸಕೋಶದಲ್ಲಿ ರಕ್ತ ಒಸರುವುದೂ ಹಾಗೇ. ಮೂಗಿನಿಂದ ರಕ್ತ ಇಳಿಯುವುದು ಕೆಲವಕ್ಕೆ ಮಾತ್ರ, ಉಳಿದವು ಒಳಗೇ ನುಂಗಿಕೊಳ್ಳುತ್ತವೆ. ಓಟ ಮುಗಿದು ಅರ್ಧ ಗಂಟೆಯಿಂದ ಒಂದೂವರೆ ಗಂಟೆಯೊಳಗೆ ಎಂಡೋಸ್ಕೋಪ್ ಹಾಕಿದರೆ ಚೆನ್ನಾಗಿ ಕಾಣುತ್ತದೆ. ಆ ಹೊತ್ತಿನಲ್ಲಿ ನಾವು ಏನು ಮಾಡುತ್ತಿರುತ್ತೇವೆ? ಜಗಳ.

ಇನ್ನೊಬ್ಬ ಸಾಕ್ಷಿ ಸೈಸ್, ಕುದುರೆ ನೋಡಿಕೊಳ್ಳುವ ಆಳು. ಕುದುರೆಯ ಜೊತೆ ಅದರ ಲಾಯದ ಬಾಗಿಲಲ್ಲೇ ಬದುಕುವ ಮನುಷ್ಯ. ಬೆಳಿಗ್ಗೆ ಬಕೆಟ್‌ನಲ್ಲಿ ದಾಣಿ ಉಳಿಸಿತ್ತು ಅನ್ನುವುದು ಅವನಿಗೆ ಗೊತ್ತು. ಅದು ಹೊಟ್ಟೆಯ ಹುಣ್ಣಿರಬಹುದು. ಕುದುರೆ ತಿನ್ನಲಿ ಬಿಡಲಿ ಅದರ ಹೊಟ್ಟೆ ದಿನವಿಡೀ ಆಮ್ಲ ಸುರಿಸುತ್ತಲೇ ಇರುತ್ತದೆ, ಹುಲ್ಲು ಕಡಿಮೆ ಮಾಡಿ ಬರೀ ದಾಣಿ ಕೊಟ್ಟರೆ ಇನ್ನೇನಾಗುತ್ತದೆ. ಓಟದ ಮೇಲೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ್ದನ್ನು ನೋಡುವವನೂ ಅವನೇ. ಅಂದರೆ ಸ್ನಾಯು ಒಡೆದಿದೆ ಅಂತ. ಮೈಮೇಲೆ ರಕ್ತ ಹೀರುವ ಉಣ್ಣೆ ಹತ್ತಿದ್ದರೆ ಮೊದಲು ಸಿಗುವುದು ಅವನ ಕೈಗೇ. ಉಣ್ಣೆ ಅಂದರೆ ಮಲೆನಾಡಿನವರಿಗೆ 1957ರ ಕ್ಯಾಸನೂರು ಕಾಡು, ಮಂಗನ ಕಾಯಿಲೆ ನೆನಪಾಗುತ್ತದೆ. ಕುದುರೆಗೆ ಅದರಿಂದ ಬರುವುದು ಬೇರೆ ಜ್ವರ, ಕೆಂಪು ರಕ್ತಕಣವನ್ನೇ ತಿನ್ನುವಂಥದ್ದು. ರಕ್ತ ಹೀರುವ ದೊಡ್ಡ ನೊಣ ಕಚ್ಚಿದರೆ ಸರ್ರಾ ರೋಗ, ಅದೂ ರಕ್ತ ಕಡಿಮೆ ಮಾಡುವಂಥದ್ದೇ. ರಕ್ತವೇ ಇಲ್ಲದ ಕುದುರೆ ಎಲ್ಲಿಂದ ಓಡೀತು? ಇಷ್ಟೆಲ್ಲ ಗೊತ್ತಿರುವ ಸೈಸ್‌ನನ್ನು ಯಾರೂ ಕೂರಿಸಿಕೊಂಡು ಕೇಳುವುದಿಲ್ಲ.

ಇಷ್ಟೆಲ್ಲ ಹೇಳಿದೆ, ಆದರೆ ಹೆಚ್ಚಿನ ಸಲ ತೊಂದರೆ ಇರುವುದು ಕಾಲಲ್ಲೇ. ಕುಂಟದ ಕುದುರೆಗೆ ಕಾಲುನೋವಿಲ್ಲ ಅಂದುಕೊಳ್ಳುತ್ತೇವೆ, ಅದು ತಪ್ಪು. ಎರಡೂ ಕಾಲು ಒಂದೇ ಥರ ನೋಯುತ್ತಿದ್ದರೆ ಯಾವ ಕಡೆಗೆ ಅಂತ ಕುಂಟುತ್ತದೆ? ಹೆಜ್ಜೆ ಗಿಡ್ಡ ಮಾಡುತ್ತದೆ, ಅಷ್ಟೇ. 2008ರಲ್ಲಿ ಅಮೆರಿಕದ ಬಿಗ್ ಬ್ರೌನ್ ಅನ್ನುವ ಕುದುರೆ ಎರಡು ದೊಡ್ಡ ರೇಸ್ ಗೆದ್ದು ಮೂರನೆಯದರಲ್ಲಿ ಕೊನೆಗೆ ಬಂದಾಗ ಜನ ಜಾಕಿಯನ್ನೂ ಬಿಡಲಿಲ್ಲ, ಟ್ರೈನರನ್ನೂ ಬಿಡಲಿಲ್ಲ. ಆಮೇಲೆ ಒಂದು ಫೋಟೊ ಸಿಕ್ಕಿತು, ಹಿಂಗಾಲಿನ ಲಾಳ ಸಡಿಲವಾಗಿತ್ತು. ಅದೇ ಕಾರಣವೋ, ಬಿಸಿಲೋ, ಮೊದಲೇ ಇದ್ದ ಗೊರಸಿನ ಬಿರುಕೋ, ಇವತ್ತಿಗೂ ವಾದ ಮುಗಿದಿಲ್ಲ.

ಕೊಬ್ಬರಿ ಹಾರ ಕಟ್ಟಿ ಹೋರಿ ಓಡಿಸುವ ನಮ್ಮ ಹೋರಿ ಹಬ್ಬದಲ್ಲೂ ಇದೇ ಹಾಡು. ಶಿಕಾರಿಪುರದ ಕಡೆ ನನ್ನ ಸೋದರಮಾವನ ಮನೆಯಲ್ಲಿ ಒಂದು ಕೊಬ್ಬರಿ ಹೋರಿ ಇತ್ತು. ಒಂದು ದೀಪಾವಳಿಗೆ ಅಖಾಡದಲ್ಲಿ ನಾಲ್ಕು ಹೆಜ್ಜೆ ಓಡಿ ನಿಂತುಬಿಟ್ಟಿತು. ದೃಷ್ಟಿ ಆಗಿದೆ ಅಂದರು. ನಿಂಬೆಹಣ್ಣು ಇಳಿಸಿದರು, ಮೆಣಸಿನಕಾಯಿ ಸುಟ್ಟರು, ಕರಿದಾರ ಕಟ್ಟಿದರು. ಮೇಯಿಸುತ್ತಿದ್ದ ಹುಡುಗ "ಮಾವ, ಅದು ಮುಂದಿನ ಎಡಗಾಲು ಊರ್ತಾ ಇಲ್ಲ" ಅಂತ ಎರಡು ಸಲ ಹೇಳಿದ. ಸುಮ್ನಿರೋ ಅಂತ ಗದರಿಸಿದರು. ಹತ್ತು ದಿನ ಬಿಟ್ಟು ಡಾಕ್ಟರು ಬಂದು ಕಾಲು ಎತ್ತಿಸಿ ನೋಡಿದರೆ, ಗೊರಸಿನ ಸಂದಿಯಲ್ಲಿ ಬೆರಳುದ್ದದ ಜಾಲಿ ಮುಳ್ಳು, ಸುತ್ತ ಕೀವು. ಇಕ್ಕಳ ಹಾಕಿ ಎಳೆದರು. ಆ ಹುಡುಗ ಹಗ್ಗ ಹಿಡಿದುಕೊಂಡು ಪಕ್ಕದಲ್ಲೇ ನಿಂತಿದ್ದ. ಅವನ ಕಡೆ ಮಾವ ತಿರುಗಿಯೂ ನೋಡಲಿಲ್ಲ.