ಮೂವತ್ತು ಸಾವಿರ ಗೆಳೆಯರನ್ನು ಹುಡುಕಿ ಹೊರಟ ಹುಡುಗಿ: ‘ಕೀ ದ ಮೆಟಲ್ ಐಡಲ್’ ಕುರಿತು

ಮಾನ್ಯರೇ,

ಜಪಾನಿನ ವೈಜ್ಞಾನಿಕ ಕಲ್ಪನೆಯ ಅನಿಮೆಗಳಲ್ಲಿ, ಅಂದರೆ ಅನಿಮೇಷನ್ ಕೃತಿಗಳಲ್ಲಿ, ಹಾಡುವ ಯಂತ್ರಗಳ ಕಥೆಗಳು ಸಾಕಷ್ಟಿವೆ. ಅವುಗಳ ಪೈಕಿ ನನ್ನನ್ನು ಬಹಳ ನಿರಾಸೆಗೊಳಿಸಿದ ಒಂದು ಕೃತಿಯ ಬಗ್ಗೆ ಇಂದು ಮಾತನಾಡುತ್ತೇನೆ. ‘ಕೀ ದ ಮೆಟಲ್ ಐಡಲ್’ 15 ಕಂತುಗಳ ಸರಣಿ. 1994ರಿಂದ 1997ರ ನಡುವೆ ನೇರವಾಗಿ ವಿಡಿಯೊ ರೂಪದಲ್ಲಿ ಬಿಡುಗಡೆಯಾಯಿತು. ಪಿಯೆರೊ ಸ್ಟುಡಿಯೊ ನಿರ್ಮಿಸಿದ ಇದರ ನಿರ್ದೇಶಕರು ಹಿರೊಆಕಿ ಸಾಟೊ. ಮೊದಲಿನಿಂದಲೂ ಕಳಪೆಯಾಗಿದ್ದರೆ ಇದರ ಮಾತೆತ್ತುವ ಅಗತ್ಯವೇ ಇರಲಿಲ್ಲ. ಐಡಲ್ ಗಾಯಕಿಯರ, ಅಂದರೆ ಅಭಿಮಾನಿಗಳ ಆರಾಧನೆಗೆಂದೇ ರೂಪಿಸಿದ ಯುವ ತಾರೆಯರ, ಉದ್ಯಮದ ಬಗ್ಗೆ ಅನಿಮೆ ಕೇಳಬಹುದಾಗಿದ್ದ ಅತಿ ಕಠಿಣವಾದ ಪ್ರಶ್ನೆಯನ್ನು ಇದು ಕೇಳಿತು, ಉತ್ತರಿಸುವ ಹೊತ್ತಿಗೆ ಹಿಂದೆ ಸರಿಯಿತು.

ಕಥೆ ಹೀಗಿದೆ. ಹಳ್ಳಿಯಲ್ಲಿ ಅಜ್ಜನ ಜೊತೆ ಬೆಳೆದ ತೊಕಿಕೊ ಮಿಮಾ ಎಂಬ ಹುಡುಗಿ ತಾನು ಯಂತ್ರವೆಂದೇ ನಂಬಿದ್ದಾಳೆ. ಎಲ್ಲರೂ ಅವಳನ್ನು ಕೀ ಎನ್ನುತ್ತಾರೆ. ಅವಳೂ ‘ನಾನು’ ಎನ್ನದೆ, ಏರಿಳಿತವಿಲ್ಲದ ದನಿಯಲ್ಲಿ, ‘ಕೀ’ ಎಂದೇ ತನ್ನನ್ನು ಕರೆದುಕೊಳ್ಳುತ್ತಾಳೆ. ಸಾಯುವಾಗ ಅಜ್ಜ ಅವಳಿಗೊಂದು ಸಂದೇಶ ಬಿಟ್ಟುಹೋಗುತ್ತಾನೆ: ಬ್ಯಾಟರಿ ಮುಗಿಯುವುದರೊಳಗೆ 30,000 ಗೆಳೆಯರನ್ನು ಸಂಪಾದಿಸಿದರೆ ನೀನು ಮನುಷ್ಯಳಾಗುತ್ತೀಯೆ. ಅವಳು ಟೋಕಿಯೊಗೆ ಹೊರಡುತ್ತಾಳೆ. ಅಲ್ಲಿ, ಹಲವು ಅರೆಕಾಲಿಕ ಕೆಲಸಗಳನ್ನು ಮಾಡಿಕೊಂಡು ಬದುಕುತ್ತಿರುವ ಹಳೆಯ ಗೆಳತಿ ಸಕುರಾ ಅವಳಿಗೆ ಆಸರೆಯಾಗುತ್ತಾಳೆ. ಮಿಹೊ ಉತ್ಸುಸೆ ಎಂಬ ಗಾಯಕಿಗೆ ಮುಗಿಬೀಳುವ ಜನಸಾಗರವನ್ನು ಕಂಡಾಗ, ಅಷ್ಟೊಂದು ಗೆಳೆಯರನ್ನು ಒಂದೇ ಕಡೆ ಪಡೆಯುವ ದಾರಿ ವೇದಿಕೆಯೇ ಎಂಬುದು ಕೀಗೆ ಹೊಳೆಯುತ್ತದೆ.

ಈ 30,000 ಎಂಬ ಸಂಖ್ಯೆಯ ಬಳಿ ಸ್ವಲ್ಪ ನಿಲ್ಲೋಣ. ಟಿಕೆಟು ಕೊಂಡು ಬಂದವನು ಗೆಳೆಯನಾಗುತ್ತಾನೆಯೇ? ಐಡಲ್ ಉದ್ಯಮ ನಿಂತಿರುವುದೇ ಈ ಗೊಂದಲದ ಮೇಲೆ. ಅಲ್ಲಿ ಮಾರಾಟವಾಗುವುದು ಹಾಡಿಗಿಂತ ಹೆಚ್ಚಾಗಿ ಆಪ್ತತೆ; ‘ಇವಳು ನಮ್ಮ ಹುಡುಗಿ’ ಎಂಬ ಭಾವನೆ. 2005ರಲ್ಲಿ ಟೋಕಿಯೊದ ಅಕಿಹಬರಾದಲ್ಲಿ ಆರಂಭವಾದ ಎಕೆಬಿ48 ಎಂಬ ಐಡಲ್ ಗಾಯಕಿಯರ ತಂಡ, ಅಭಿಮಾನಿಗಳು ಗಾಯಕಿಯರ ಕೈಕುಲುಕುವುದನ್ನೇ ವ್ಯಾಪಾರದ ಭಾಗವನ್ನಾಗಿಸಿತು. ಅದಕ್ಕೆ ಹತ್ತು ವರ್ಷಗಳಷ್ಟು ಮೊದಲೇ ಈ ಸರಣಿ, ಸ್ನೇಹವನ್ನು ತಲೆ ಎಣಿಸಿ ಲೆಕ್ಕ ಹಾಕುವ ಹುಡುಗಿಯೊಬ್ಬಳನ್ನು ನಡುವೆ ನಿಲ್ಲಿಸಿತ್ತು. ಸಕುರಾ ಒಬ್ಬಳೇ ಗೆಳತಿ ಮೂವತ್ತು ಸಾವಿರಕ್ಕೆ ಸಾಟಿಯಲ್ಲವೇ ಎಂದು ನೋಡುವವರಿಗೆ ಅನಿಸುತ್ತದೆ, ಕೀಗೆ ಅನಿಸುವುದಿಲ್ಲ. ಮೊದಲ 13 ಕಂತುಗಳ ಒತ್ತಡವೆಲ್ಲ ಈ ಅಂತರದಲ್ಲಿದೆ.

ಇದರ ಎದುರಿಗೆ ಮಿಹೊ ಇದ್ದಾಳೆ. ವೇದಿಕೆಯ ಮೇಲೆ ಕುಣಿಯುವ ಮಿಹೊ ಒಂದು ಯಂತ್ರ. ಅದನ್ನು ಮರೆಯಿಂದ ನಡೆಸುವವಳು ಜೀವಂತ ಹುಡುಗಿ. ಆ ಯಂತ್ರ ಓಡುವುದು ಮನುಷ್ಯರಿಂದ ಹೀರಿದ ‘ಜೆಲ್’ ಎಂಬ ಪ್ರಾಣಶಕ್ತಿಯಿಂದ. ನಡೆಸುವವಳು ಬರಿದಾದರೆ ಅವಳ ಜಾಗಕ್ಕೆ ಇನ್ನೊಬ್ಬಳು ಬರುತ್ತಾಳೆ. ವೇದಿಕೆಯ ಮುಖ ಮಾತ್ರ ಬದಲಾಗುವುದಿಲ್ಲ. ಯಂತ್ರವೆಂದು ನಂಬಿದವಳು ನಿಜದಲ್ಲಿ ಮನುಷ್ಯಳು, ಮನುಷ್ಯಳೆಂದು ಜನ ನಂಬಿದವಳು ಯಂತ್ರ. ಅದೇ ಕಾಲದಲ್ಲಿ, 1994ರಲ್ಲಿ ಆರಂಭವಾದ ‘ಮ್ಯಾಕ್ರಾಸ್ ಪ್ಲಸ್’ನಲ್ಲಿಯೂ ಶರಾನ್ ಆಪಲ್ ಎಂಬ ಕೃತಕ ಗಾಯಕಿಗೆ ಭಾವನೆಗಳನ್ನು ತುಂಬುವವಳು ತೆರೆಮರೆಯಲ್ಲಿರುವ ಮ್ಯುಂಗ್ ಎಂಬ ಹೆಣ್ಣುಮಗಳು. ಆದರೆ ಅಲ್ಲಿ ಅದು ಇಬ್ಬರು ಪೈಲಟ್‌ಗಳ ಪೈಪೋಟಿಯ ಜೊತೆಗೆ ಹೆಣೆದ ಎಳೆ. ಇಲ್ಲಿ ಅದೇ ಕಥೆಯ ಬೆನ್ನೆಲುಬು.

ಇಷ್ಟೆಲ್ಲ ಕಟ್ಟಿಕೊಂಡ ಸರಣಿ 14ನೆಯ ಕಂತಿನಲ್ಲಿ ಕುಸಿಯುತ್ತದೆ. ಕೊನೆಯ ಎರಡು ಕಂತುಗಳು ಒಂದೊಂದೂ ಸುಮಾರು ಒಂದೂವರೆ ಗಂಟೆಯವು. ಅವುಗಳಲ್ಲಿ ಮೊದಲನೆಯದರ ಬಹುಭಾಗ ವಿವರಣೆಗೇ ಮೀಸಲಾಗಿದೆ: ಅಜ್ಜನ ಗತಕಾಲ, ಜೆಲ್‌ನ ಗುಟ್ಟು, ಮಿಹೊ ಯಂತ್ರದ ಹಿಂದಿರುವ ಉದ್ಯಮಿ ಅಜೊನ ಹುಚ್ಚು, ಕೀ ಹೀಗಾದ ಕಾರಣ, ಎಲ್ಲವನ್ನೂ ಪಾತ್ರಗಳು ಒಬ್ಬರಿಗೊಬ್ಬರು ಹೇಳುತ್ತಲೇ ಹೋಗುತ್ತವೆ. ಅಷ್ಟು ಹೊತ್ತಿನವರೆಗೆ ಮೌನ, ಖಾಲಿ ಕೋಣೆಗಳು ಮತ್ತು ಕೀಯ ಕದಲದ ಮುಖದ ಮೂಲಕ ಮಾತನಾಡುತ್ತಿದ್ದ ಕೃತಿ ತನ್ನ ಶಕ್ತಿಯನ್ನೇ ಕೈಬಿಡುತ್ತದೆ. ಹಲವರು ಇದನ್ನು ನಿಧಾನಗತಿಯ ದೋಷವೆಂದು ದೂರುತ್ತಾರೆ. ನನ್ನ ತಕರಾರು ಅದಕ್ಕಿಂತ ಗಂಭೀರವಾದದ್ದು.

ಆ ವಿವರಣೆ ತಪ್ಪನ್ನೆಲ್ಲ ಒಬ್ಬನ ತಲೆಗೆ ಕಟ್ಟುತ್ತದೆ. ಯಂತ್ರದ ಚೆಲುವಿಗೆ ಮರುಳಾದ ಅಜೊ ಖಳನಾಗುತ್ತಾನೆ, ಅಲ್ಲಿಗೆ ಲೆಕ್ಕ ಚುಕ್ತಾ ಆಗುತ್ತದೆ. ಮಿಹೊಗಾಗಿ ಕೂಗಿ ಕುಣಿದ ಸಾವಿರಾರು ಜನರನ್ನು ಯಾರೂ ಏನೂ ಕೇಳುವುದಿಲ್ಲ. ಮಿಹೊ ಅಭಿಮಾನಿ ಸಂಘದ ಮುಖ್ಯಸ್ಥ ತತಾಕಿ ಆರಂಭದಿಂದ ಕಥೆಯೊಳಗಿದ್ದಾನೆ. ತಾನು ಆರಾಧಿಸಿದ ಮುಖದ ಹಿಂದೆ ಹುಡುಗಿಯರು ಬತ್ತಿಹೋದರೆಂಬ ಸತ್ಯವನ್ನು ಅವನ ಎದೆಗೆ ತಾಗುವಂತೆ ತರಲು ಅವನಿಗಿಂತ ಒಳ್ಳೆಯ ಪಾತ್ರ ಇರಲಿಲ್ಲ. ಆ ಭಾರ ಹೊರಬೇಕಾದವರು ಅಭಿಮಾನಿಗಳೇ, ಅಂದರೆ ವಿಡಿಯೊ ಕೊಂಡು ನೋಡುತ್ತಿದ್ದ ವೀಕ್ಷಕರೂ ಸೇರಿದಂತೆ. ಅವರನ್ನು ಸುಮ್ಮನೆ ಮನೆಗೆ ಕಳುಹಿಸಿದ್ದು ಈ ಕೃತಿಯ ನಿಜವಾದ ಸೋಲು ಎಂದು ನಾನು ದೃಢವಾಗಿ ಭಾವಿಸುತ್ತೇನೆ.

ಅದು ಕೈಬಿಟ್ಟ ಪ್ರಶ್ನೆಯನ್ನು ಬೇರೆಯವರು ಎತ್ತಿಕೊಂಡರು. 1997ರ ‘ಪರ್ಫೆಕ್ಟ್ ಬ್ಲೂ’ ಚಿತ್ರದಲ್ಲಿ ಸತೋಶಿ ಕೊನ್ ಅಭಿಮಾನಿಯ ಕಣ್ಣನ್ನೇ ಭಯದ ಮೂಲವನ್ನಾಗಿಸಿದರು. ಅದರ ನಾಯಕಿಯ ಹೆಸರೂ ಮಿಮಾ. ಅವಳಿಗೆ ದನಿ ಕೊಟ್ಟವರು, ಕೀಗೆ ದನಿಯಾಗಿದ್ದ ಜುಂಕೊ ಇವಾಒ ಅವರೇ. ಎರಡನ್ನೂ ಒಂದರ ಹಿಂದೊಂದು ನೋಡಿ ಎಂದು ನಿಮ್ಮಲ್ಲಿ ಕೇಳಿಕೊಳ್ಳುತ್ತೇನೆ. ಕೀಯ ಮೊದಲ 13 ಕಂತುಗಳನ್ನಂತೂ ಬಿಡಬೇಡಿ. 14ನೆಯದಕ್ಕೆ ಬಂದಾಗ, ವಿವರಣೆ ಕೇಳುತ್ತ ಕೂರುವ ಬದಲು, ತತಾಕಿ ಎಲ್ಲಿದ್ದಾನೆ ಎಂದು ಹುಡುಕಿ ನೋಡಿ.