ಕೈ ಊರದೆ ಎದ್ದು ನಿಲ್ಲಲು ಹತ್ತು ವಾರ

ನಮಸ್ಕಾರ. ಈಗ ನಿಮಗೆ ಕಾಣುತ್ತಿರುವುದು ನಮ್ಮ ಮನೆಯ ಮರದ ಕುರ್ಚಿ. ಪಕ್ಕದಲ್ಲಿ ಕೈ ಇಡಲು ಹಿಡಿ ಇಲ್ಲದ ಕುರ್ಚಿ. ಹಿಂದಕ್ಕೆ ಜಾರಬಾರದು ಅಂತ ಗೋಡೆಗೆ ಒತ್ತಿ ಇಟ್ಟಿದ್ದೇನೆ. ಹತ್ತು ವಾರದಿಂದ ನನ್ನ ಜಿಮ್ ಇದೇ.

ನನಗೆ 68 ವರ್ಷ. ಎಷ್ಟೋ ವರ್ಷದಿಂದ ದಿನಾ ವಾಕಿಂಗ್ ಹೋಗುತ್ತಿದ್ದೆ. ಮಳೆ ಬಂದರೆ ಕೊಡೆ ಹಿಡಿದು ಹೋಗುತ್ತಿದ್ದೆ. ನನಗೇನೂ ಆಗುವುದಿಲ್ಲ ಅನ್ನುವ ಧೈರ್ಯ ಇತ್ತು. ಆಮೇಲೆ ಒಂದು ಜ್ವರ ಬಂತು. ಜ್ವರ ಬಿಟ್ಟರೂ ಸುಸ್ತು ಬಿಡಲಿಲ್ಲ. ಹೆಚ್ಚುಕಮ್ಮಿ ಮೂರು ವಾರ ಹಾಸಿಗೆಯಲ್ಲೇ ಕಳೆದೆ.

ಹುಷಾರಾದ ದಿನ ಈ ಕುರ್ಚಿಯಲ್ಲಿ ಕೂತೆ. ಸ್ವಲ್ಪ ಹೊತ್ತು ಬಿಟ್ಟು ಏಳಲು ಹೋದರೆ ಆಗಲಿಲ್ಲ. ತೊಡೆ ನಡುಗಿತು, ಅರ್ಧಕ್ಕೆ ಎದ್ದು ಮತ್ತೆ ಕೂತುಬಿಟ್ಟೆ. ಎರಡೂ ಕೈ ಮೊಣಕಾಲಿನ ಮೇಲೆ ಊರಿ, ಉಸಿರು ಬಿಗಿಹಿಡಿದು, ಹೇಗೋ ಎದ್ದೆ. ಅವತ್ತು ರಾತ್ರಿ ನಿದ್ದೆ ಬರಲಿಲ್ಲ. ವಯಸ್ಸಾಯಿತು, ಇನ್ನು ಇಷ್ಟೇ ಅನ್ನಿಸಿಬಿಟ್ಟಿತ್ತು.

ನನ್ನ ಹಾಗೆ ಅಂದುಕೊಂಡು ಕೂತಿರುವವರು ಇದನ್ನು ಕೇಳಲೇಬೇಕು. 1966 ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಐದು ಜನ ಹುಡುಗರನ್ನು ಮೂರು ವಾರ ಹಾಸಿಗೆಯಲ್ಲೇ ಮಲಗಿಸಿ ನೋಡಿದರು. ಎಲ್ಲರೂ ಆರೋಗ್ಯವಾಗಿದ್ದವರು, 20 ರ ಆಸುಪಾಸಿನವರು. 30 ವರ್ಷ ಆದ ಮೇಲೆ ಅದೇ ಐದು ಜನರನ್ನು ಕರೆಸಿ ಮತ್ತೆ ಪರೀಕ್ಷೆ ಮಾಡಿದರು. ಜೋರಾಗಿ ದಣಿಯುವಾಗ ದೇಹ ಆಮ್ಲಜನಕ ಬಳಸುವ ಶಕ್ತಿ ಇರುತ್ತದಲ್ಲ, ನಾವು ದಮ್ಮು ಅನ್ನುತ್ತೇವೆ, ಅದನ್ನು ಅಳೆದರು. 30 ವರ್ಷದಲ್ಲಿ ಅವರ ದಮ್ಮು ಇಳಿದದ್ದಕ್ಕಿಂತ ಅವತ್ತಿನ ಮೂರು ವಾರದಲ್ಲಿ ಇಳಿದದ್ದೇ ಜಾಸ್ತಿ! ಆಮೇಲೆ ಆರು ತಿಂಗಳು ನಿಧಾನಕ್ಕೆ ವ್ಯಾಯಾಮ ಮಾಡಿಸಿದರು. 50 ದಾಟಿದವರ ದಮ್ಮು ಅವರ 20 ರ ಮಟ್ಟಕ್ಕೆ ವಾಪಸ್ ಬಂತು.

ಇದನ್ನು ಓದಿದಾಗ ನನಗೆ ಕಣ್ಣು ತುಂಬಿ ಬಂತು. ನನ್ನ ಕಾಲಿನ ಶಕ್ತಿ ತಿಂದದ್ದು ಹಾಸಿಗೆ. ಸುಮ್ನೆ ವಯಸ್ಸಿನ ಮೇಲೆ ಹಾಕಿದ್ದೆ.

ಆದರೂ ಒಂದು ಪ್ರಶ್ನೆ ಉಳಿಯಿತು. ಅಷ್ಟು ವರ್ಷ ನಡೆದವಳ ಕಾಲು ಇಷ್ಟು ಬೇಗ ಯಾಕೆ ಕೈಕೊಟ್ಟಿತು? ವಿಶ್ವ ಆರೋಗ್ಯ ಸಂಸ್ಥೆ 2020 ರಲ್ಲಿ ಹೇಳಿದ್ದು ಹೀಗಿದೆ: 65 ದಾಟಿದವರು ವಾರಕ್ಕೆ 150 ರಿಂದ 300 ನಿಮಿಷ ಚುರುಕಾಗಿ ನಡೆಯುವಂಥ ವ್ಯಾಯಾಮ ಮಾಡಬೇಕು. ಇಷ್ಟು ನನಗೆ ಗೊತ್ತಿತ್ತು. ಅದರ ಕೆಳಗೆ ಇನ್ನೂ ಇದೆ. ವಾರಕ್ಕೆ ಕನಿಷ್ಠ ಎರಡು ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, ಕನಿಷ್ಠ ಮೂರು ದಿನ ಸಮತೋಲನ ಮತ್ತು ಶಕ್ತಿ ಎರಡನ್ನೂ ಸೇರಿಸಿ ಮಾಡುವ ವ್ಯಾಯಾಮ. ಆ ಭಾಗವನ್ನು ನಾನು ಮುಟ್ಟಿಯೇ ಇರಲಿಲ್ಲ. ವಾಕಿಂಗ್ ಒಳ್ಳೆಯದು, ಬಿಡಬೇಡಿ. ಆದರೆ ಸಮತಟ್ಟಾದ ದಾರಿಯಲ್ಲಿ ನಡೆಯುವಾಗ ತೊಡೆಗೆ ಭಾರ ಎತ್ತುವ ಕೆಲಸ ಅಷ್ಟಾಗಿ ಇರುವುದಿಲ್ಲ. ಕುರ್ಚಿಯಿಂದ ಏಳುವಾಗ ಇಡೀ ಮೈಯ ಭಾರ ಎತ್ತಬೇಕು.

ನಾನು ಅಳೆದುಕೊಂಡದ್ದು 30 ಸೆಕೆಂಡಿನ ಕುರ್ಚಿ ಪರೀಕ್ಷೆಯಿಂದ. ಎರಡೂ ಕೈಯನ್ನು ಎದೆಯ ಮೇಲೆ ಅಡ್ಡ ಹಾಕಿ ಭುಜ ಹಿಡಿದುಕೊಳ್ಳಬೇಕು. 30 ಸೆಕೆಂಡಿನಲ್ಲಿ ಎಷ್ಟು ಸಲ ಪೂರ್ತಿ ಎದ್ದು ನಿಲ್ಲುತ್ತೀರಿ ಅಂತ ಎಣಿಸಬೇಕು. 65 ರಿಂದ 69 ರ ಹೆಂಗಸರಿಗೆ 11 ಕ್ಕಿಂತ ಕಡಿಮೆ ಬಂದರೆ ಸರಾಸರಿಗಿಂತ ಕಡಿಮೆ, ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಅದೇ ವಯಸ್ಸಿನ ಗಂಡಸರಿಗೆ 12. ಏಳಲು ಕೈ ಊರಲೇಬೇಕಾದರೆ ಸೊನ್ನೆ.

ಮೊದಲ ದಿನ ನನಗೆ ಬಂದದ್ದು ಸೊನ್ನೆ.

ಈ ಶಾಟ್ ನೋಡಿ, ಇದು ಮೊದಲ ವಾರದ್ದು. ಕುರ್ಚಿಯ ಮೇಲೆ ಎರಡು ಹೊದಿಕೆ ಮಡಚಿ ಇಟ್ಟಿದ್ದೇನೆ. ಕೂರುವ ಜಾಗ ಎತ್ತರ ಆದಷ್ಟು ಏಳುವುದು ಸುಲಭ. ಹಾಗೆ ದಿನಕ್ಕೆ ಐದು ಸಲ ಶುರು ಮಾಡಿದೆ. ಮೂರನೆಯ ವಾರ ಒಂದು ಹೊದಿಕೆ ತೆಗೆದೆ, ಐದನೆಯ ವಾರ ಇನ್ನೊಂದು. ಎರಡನೆಯ ಹೊದಿಕೆಯನ್ನು ಮಡಚಿ ಕಪಾಟಿನಲ್ಲಿ ಇಟ್ಟಾಗ ಆದ ಖುಷಿ ಇದೆಯಲ್ಲ, ಅದನ್ನು ಕ್ಯಾಮೆರಾದಲ್ಲಿ ಹಿಡಿಯಲು ಆಗಲಿಲ್ಲ.

ಮಾಡುವ ಕ್ರಮವನ್ನು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಕುರ್ಚಿಯ ಮುಂದಿನ ಅಂಚಿಗೆ ಬನ್ನಿ. ಪಾದ ಮೊಣಕಾಲಿಗಿಂತ ಸ್ವಲ್ಪ ಹಿಂದೆ ಇರಲಿ. ಮೂಗು ಕಾಲ್ಬೆರಳಿನ ನೇರಕ್ಕೆ ಬರುವಷ್ಟು ಮುಂದೆ ಬಾಗಿ, ಹಿಮ್ಮಡಿಯಿಂದ ನೆಲ ಒತ್ತಿ ಏಳಿ. ಏಳುವಾಗ ಉಸಿರು ಬಿಡಿ, ಬಿಗಿಹಿಡಿಯಬೇಡಿ. ಕೂರುವಾಗ ಧೊಪ್ಪನೆ ಕೂರಬೇಡಿ. ಒಂದು, ಎರಡು, ಮೂರು ಅಂತ ಎಣಿಸುತ್ತಾ ನಿಧಾನಕ್ಕೆ ಇಳಿಯಿರಿ. ಹೀಗೆ ತಡೆದು ತಡೆದು ಇಳಿಯುವಾಗ ತೊಡೆಗೆ ಒಳ್ಳೆ ಕೆಲಸ ಸಿಗುತ್ತದೆ. ಮಾರನೆಯ ದಿನ ತೊಡೆ ಸ್ವಲ್ಪ ನೋಯುವುದು ಸಹಜ, ಎರಡು ಮೂರು ದಿನದಲ್ಲಿ ಹೋಗುತ್ತದೆ. ಎದೆ ನೋವು, ತಲೆಸುತ್ತು, ಕೀಲಿನಲ್ಲಿ ಚುಚ್ಚುವ ನೋವು ಬಂದರೆ ಅಲ್ಲಿಗೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ. ನಾನೂ ಶುರು ಮಾಡುವ ಮೊದಲು ಡಾಕ್ಟರನ್ನು ಕೇಳಿಯೇ ಶುರು ಮಾಡಿದ್ದು.

ತುಂಬಾ ಜನ ಕೇಳುತ್ತಾರೆ, ದಿನಾ ಮಾಡುವ ಮನಸ್ಸು ಎಲ್ಲಿಂದ ಬರುತ್ತದೆ ಅಂತ. ಬೆಳಿಗ್ಗೆ ಎದ್ದಾಗ ನನಗೂ ಬರುವುದಿಲ್ಲ. ಮೊಣಕಾಲು ಬಿಗಿದಿರುತ್ತದೆ, ಇವತ್ತೊಂದು ದಿನ ಬೇಡ ಅನ್ನಿಸುತ್ತದೆ. ಅದಕ್ಕೆ ನಾನು ಮನಸ್ಸನ್ನು ಕೇಳುವುದನ್ನೇ ಬಿಟ್ಟೆ. ಹಲ್ಲುಜ್ಜಿ ಬಂದ ಕೂಡಲೇ ಈ ಕುರ್ಚಿ. ಎರಡೇ ಎರಡು ಸಲ ಎದ್ದು ಕೂರುವುದು, ಅಷ್ಟು ಮಾತ್ರ ಕಡ್ಡಾಯ. ಆಮೇಲೂ ಬೇಡ ಅನ್ನಿಸಿದರೆ ನಿಲ್ಲಿಸಬಹುದು. ಹತ್ತು ವಾರದಲ್ಲಿ ಎರಡಕ್ಕೇ ನಿಲ್ಲಿಸಿದ್ದು ನಾಲ್ಕು ದಿನ. ಉಳಿದ ದಿನ ಮೈ ಬಿಸಿಯಾದ ಮೇಲೆ ಮನಸ್ಸು ತಾನೇ ಹಿಂದೆ ಬಂತು.

ಆರನೆಯ ವಾರ ಮಾತ್ರ ಕಷ್ಟ ಆಯಿತು. ಎಂಟು ದಿನ ಲೆಕ್ಕ ಮೇಲೆ ಹೋಗಲೇ ಇಲ್ಲ. ಆಗ ನಾನು ಹಿಡಿದುಕೊಂಡದ್ದು ಇನ್ನೊಂದು ಪ್ರಯೋಗವನ್ನು. 1990 ರಲ್ಲಿ ಬೋಸ್ಟನ್‌ನ ವೈದ್ಯರು 86 ರಿಂದ 96 ವರ್ಷದ ಹತ್ತು ಜನ ವೃದ್ಧರಿಗೆ ಎಂಟು ವಾರ ಕಾಲಿನ ಭಾರ ಎತ್ತುವ ವ್ಯಾಯಾಮ ಮಾಡಿಸಿದ ಫಲಿತಾಂಶ ಪ್ರಕಟಿಸಿದರು. ಆಶ್ರಮದಲ್ಲಿ ಇದ್ದವರು, ಮೈಯಲ್ಲಿ ಶಕ್ತಿ ಉಡುಗಿದವರು. ಕೊನೆಯವರೆಗೂ ಮಾಡಿದ ಒಂಬತ್ತು ಜನರ ಕಾಲಿನ ಶಕ್ತಿ ಸರಾಸರಿ 174 ಪರ್ಸೆಂಟ್ ಜಾಸ್ತಿ ಆಗಿತ್ತು. 90 ರಲ್ಲಿ ಸ್ನಾಯು ಮಾತು ಕೇಳಿದರೆ 68 ರಲ್ಲಿ ಕೇಳುವುದಿಲ್ವಾ? ಒಂಬತ್ತನೆಯ ದಿನ ಒಂದು ಜಾಸ್ತಿ ಆಯಿತು.

ಇವಳು ನನ್ನ ಮೊಮ್ಮಗಳು, ಹತ್ತು ವರ್ಷ. ಪ್ರತಿ ಭಾನುವಾರ ಫೋನಿನಲ್ಲಿ ಟೈಮ್ ಇಟ್ಟುಕೊಂಡು ಎಣಿಸುವವಳು ಇವಳೇ. ತುಂಬಾ ಕಟ್ಟುನಿಟ್ಟು. ಹಿಂದಿನ ವಾರ ನಾನು 10 ಅಂದುಕೊಂಡು ಖುಷಿಯಲ್ಲಿದ್ದೆ. "ಅಜ್ಜಿ, ನಾಲ್ಕನೇದರಲ್ಲಿ ನಿನ್ನ ಕೈ ತೊಡೆ ಮುಟ್ಟಿತು. ಅದು ಲೆಕ್ಕಕ್ಕಿಲ್ಲ" ಅಂತ 9 ಬರೆದಳು. ಅವಳು ಹೇಳಿದ್ದು ಸರಿ. ವಿಡಿಯೋದಲ್ಲಿ ಕೈ ಕಾಣುತ್ತಿತ್ತು.

ಈಗ ನೋಡುತ್ತಿರುವುದು ಇವತ್ತು ಬೆಳಗ್ಗಿನದು. ಆರು ಆಗುವವರೆಗೆ ಆರಾಮಾಗಿದ್ದೆ. ಎಂಟರಲ್ಲಿ ತೊಡೆ ಉರಿಯಲು ಶುರು ಆಯಿತು. ಹತ್ತು ಮುಗಿಸಿ ಕೂತು, ಮತ್ತೆ ಏಳುತ್ತಿದ್ದೇನೆ, ಪೂರ್ತಿ ನೆಟ್ಟಗಾಗುವ ಮೊದಲೇ ಫೋನ್ ಬಡಿದುಕೊಂಡಿತು. ಟೈಮ್ ಆದಾಗ ಅರ್ಧಕ್ಕಿಂತ ಜಾಸ್ತಿ ಎದ್ದಿದ್ದರೆ ಅದನ್ನೂ ಒಂದು ಅಂತ ಎಣಿಸಬೇಕು, ಪರೀಕ್ಷೆಯ ನಿಯಮ ಅದು. ಮೊಮ್ಮಗಳು ಏನೂ ಹೇಳದೆ ವಿಡಿಯೋ ಹಿಂದಕ್ಕೆ ಹಾಕಿದಳು. ಒಂದು ಸಲ ನೋಡಿದಳು. ಬೆರಳಿನಿಂದ ದೊಡ್ಡದು ಮಾಡಿ ಇನ್ನೊಂದು ಸಲ ನೋಡಿದಳು. ಆಮೇಲೆ ಕ್ಯಾಲೆಂಡರ್ ಹತ್ತಿರ ಹೋಗಿ ಪೆನ್ ತೆಗೆದಳು.

11 ಅಂತ ಬರೆದಳು.