ನೆಲದಲ್ಲಿ ಹೂತಿಟ್ಟ ವೈನು

ಕೇಳುಗರೆಲ್ಲರಿಗೂ ನಮಸ್ಕಾರ. ಇವತ್ತು ನಿಮ್ಮನ್ನ ಜಾರ್ಜಿಯಾಗೆ ಕರ್ಕೊಂಡು ಹೋಗ್ತೀನಿ. ಅಮೆರಿಕದ ಜಾರ್ಜಿಯಾ ಅಲ್ಲ, ಕಾಕಸಸ್ ಬೆಟ್ಟಗಳ ಮಡಿಲಲ್ಲಿರೋ ದೇಶ, ಪಶ್ಚಿಮಕ್ಕೆ ಕಪ್ಪು ಸಮುದ್ರ, ಉತ್ತರಕ್ಕೆ ರಷ್ಯಾ, ವಿಸ್ತೀರ್ಣ ನೋಡಿದ್ರೆ ನಮ್ಮ ಕರ್ನಾಟಕದ ಮೂರನೇ ಒಂದು ಭಾಗಕ್ಕಿಂತ ಸ್ವಲ್ಪ ಜಾಸ್ತಿ ಅಷ್ಟೆ. ನಮ್ಮ ಮಕ್ಕಳು ಎಂಬಿಬಿಎಸ್ ಓದೋಕೆ ಹೋಗ್ತಾರಲ್ಲ, ಅದೇ ದೇಶ. ನನ್ನ ಅಕ್ಕನ ಮಗಳೂ ಅಲ್ಲೇ ಓದ್ತಿದ್ದಾಳೆ, ಅವಳನ್ನ ನೋಡ್ಕೊಂಡು ಬರೋಣ ಅಂತ ಅಕ್ಟೋಬರಲ್ಲಿ ಹೊರಟೆ.

ರಾಜಧಾನಿ ಟಿಬಿಲಿಸಿಲಿ ಇಳಿದ ತಕ್ಷಣ ಕಣ್ಣಿಗೆ ಬಿದ್ದಿದ್ದು ಅವರ ಅಕ್ಷರ. 33 ಅಕ್ಷರ ಇವೆಯಂತೆ, ಎಲ್ಲಾ ಗುಂಡುಗುಂಡಗೆ, ದೂರದಿಂದ ಅಂಗಡಿ ಬೋರ್ಡ್ ನೋಡಿದ್ರೆ ಕನ್ನಡವೇ ಅನ್ಸುತ್ತೆ, ಹತ್ರ ಹೋದ್ರೆ ಒಂದಕ್ಷರಾನೂ ಓದೋಕಾಗಲ್ಲ.

ಮಾರನೇ ದಿನ ಉತ್ತರಕ್ಕೆ ಹೊರಟ್ವಿ, ಮಿಲಿಟರಿ ರೋಡ್ ಅಂತಾರೆ ಅದನ್ನ, ಘಾಟಿ ಹತ್ತಿ ಹತ್ತಿ ಸ್ಟೆಪಾಂಟ್ಸ್‌ಮಿಂಡಾ ಅನ್ನೋ ಊರು, ಮೇಲೆ ಗೆರ್ಗೆಟಿ ಚರ್ಚು. ಅದು 14ನೇ ಶತಮಾನದ್ದು, ಇರೋದು 2,170 ಮೀಟರ್ ಎತ್ತರದಲ್ಲಿ, ಅಂದ್ರೆ ನಮ್ಮ ಮುಳ್ಳಯ್ಯನಗಿರಿ ತುದಿಗಿಂತ ಮೇಲೆ. ಅದರ ಹಿಂದೆ 5,054 ಮೀಟರಿನ ಕಜ್ಬೆಕ್ ಶಿಖರ ಇದೆ. ನಾವು ಹೋದಾಗ ಪೂರ್ತಿ ಮೋಡ, ಅರ್ಧ ಗಂಟೆ ಚಳೀಲಿ ನಡುಗ್ತಾ ನಿಂತ್ವಿ, ಆಮೇಲೆ ಒಂದು ನಿಮಿಷ ಮೋಡ ಸರೀತು ನೋಡಿ, ಹಿಮ ಬೆಳ್ಳಗೆ ಹೊಳೀತು, ನನ್ನ ಪಕ್ಕದಲ್ಲಿದ್ದ ಹುಡುಗಿ ಮಾತೇ ಆಡ್ಲಿಲ್ಲ.

ಊಟದ್ದು ನಂಗೆ ಭಯ ಇತ್ತು, ನಾನು ಸಸ್ಯಾಹಾರಿ. ಸುಮ್ನೆ ಭಯ ಪಟ್ಟಿದ್ದೆ. ಬದನೆಕಾಯಿ ಸೀಳನ್ನ ಕರಿದು ಅಕ್ರೋಟು ಬೆಳ್ಳುಳ್ಳಿ ರುಬ್ಬಿದ ಹೂರಣ ಸುತ್ತಿ ಕೊಡ್ತಾರೆ, ಎಣ್ಣೆಗಾಯಿಗೆ ದೂರದ ನೆಂಟರು. ಲೋಬಿಯಾನಿ ಅಂತ ಇನ್ನೊಂದು, ಬೇಯಿಸಿದ ಬೀನ್ಸ್ ಕಾಳು ತುಂಬಿದ ರೊಟ್ಟಿ, ಥೇಟ್ ಖಾರದ ಹೋಳಿಗೆ. ಚೀಸ್ ತುಂಬಿದ್ದಾದ್ರೆ ಖಚಾಪುರಿ. ಖಿಂಕಾಲಿ ನಮ್ಮ ಮೋದಕದ ಆಕಾರ, ಒಳಗೆ ಮಾಂಸ ಇರುತ್ತೆ, ನಮಗೆ ಅಣಬೆ ಹಾಕಿದ್ದು ಸಿಕ್ತು, ಜುಟ್ಟು ಹಿಡಿದು ತಿಂದು ಆ ಜುಟ್ಟನ್ನ ತಟ್ಟೇಲೇ ಬಿಡ್ಬೇಕು.

ಆದ್ರೆ ನಾನು ಇವತ್ತು ಹೇಳ್ಬೇಕು ಅಂತ ಕೂತಿರೋದು ಕಖೇಟಿ ಬಗ್ಗೆ. ಪೂರ್ವದ ಕಡೆ ದ್ರಾಕ್ಷಿ ಸೀಮೆ ಅದು. 1624ರಲ್ಲಿ ಇರಾನಿನ ಶಿರಾಜ್‌ನಲ್ಲಿ ಕೊಲ್ಲಲ್ಪಟ್ಟ ಕೆಟೆವಾನ್ ಇಲ್ಲಿಯ ರಾಣಿಯೇ. ಅವಳ ಅಸ್ಥಿ ಸಿಕ್ಕಿದ್ದು ಎಲ್ಲಿ ಗೊತ್ತಾ, ನಮ್ಮ ಪಕ್ಕದ ಹಳೇ ಗೋವಾದಲ್ಲಿ, 2021ರಲ್ಲಿ ಭಾರತ ಸರ್ಕಾರ ಅದರ ಒಂದು ಭಾಗವನ್ನ ಜಾರ್ಜಿಯಾಗೆ ಕೊಡ್ತು. ಇಂಡಿಯಾದವರು ಅಂದ ತಕ್ಷಣ ನಮ್ಮನ್ನ ಕರೆದ ಮನೆಯಜ್ಜ ಮೊದಲು ಹೇಳಿದ್ದೇ ಈ ವಿಷಯ, ಅಕ್ಕನ ಮಗಳು ಕೇಳಿ ಕೇಳಿ ನಂಗೆ ಹೇಳಿದ್ಲು.

ಆ ಅಜ್ಜ ನಮ್ಮನ್ನ ಮರಾನಿಗೆ ಕರ್ಕೊಂಡು ಹೋದ್ರು, ಮರಾನಿ ಅಂದ್ರೆ ವೈನ್ ಮನೆ. ಒಳಗೆ ಪೀಪಾಯಿ ಇಲ್ಲ, ಬಾಟಲಿ ಇಲ್ಲ, ಬರೀ ನೆಲ, ನೆಲದಲ್ಲಿ ದುಂಡನೆ ಬಾಯಿಗಳು. ನಂಗೆ ಒಂದು ಕ್ಷಣ ಉಸಿರೇ ನಿಂತಂಗಾಯ್ತು, ಯಾಕಂದ್ರೆ ವಿಜಯಪುರದ ಕಡೆ ನಮ್ಮಜ್ಜನ ಮನೇಲಿ ಜೋಳ ತುಂಬಿಡೋ ಹಗೇವು ಇತ್ತಲ್ಲ, ಅದೇ ಥರ, ಬಾಯಿಗೆ ಕಲ್ಲು, ಸುತ್ತ ಮಣ್ಣು ಮೆತ್ತಿ. ಇಲ್ಲಿ ನೆಲದೊಳಗೆ ಇರೋದು ಕ್ವೆವ್ರಿ ಅನ್ನೋ ಮಣ್ಣಿನ ಗುಡಾಣ, ತಳ ಚೂಪು, ಒಳಗೆ ಜೇನುಮೇಣ ಸವರಿರ್ತಾರೆ, ಕತ್ತಿನವರೆಗೆ ಹೂತಿರ್ತಾರೆ, ಬೇಸಿಗೆ ಚಳಿಗಾಲ ಎರಡರಲ್ಲೂ ಮಣ್ಣೇ ತಂಪು ಕಾಯುತ್ತೆ. ದ್ರಾಕ್ಷಿ ತುಳಿದು ರಸ, ಸಿಪ್ಪೆ, ಬೀಜ, ತೊಟ್ಟು ಎಲ್ಲಾ ಅದಕ್ಕೇ. ಅಜ್ಜ ಕೈಸನ್ನೆ ಮಾಡಿ ಬಗ್ಗಿ ಕೇಳು ಅಂದ್ರು. ಬಗ್ಗಿದೆ. ಕುದಿಯೋ ಅನ್ನದ ಸದ್ದು, ಬೆಂಕಿ ಮಾತ್ರ ಇಲ್ಲ. ಸಿಪ್ಪೆ ಮೇಲೆ ತೇಲಿ ದಪ್ಪಗೆ ಕಟ್ಟುತ್ತೆ, ದಿನಕ್ಕೆ ನಾಲ್ಕೈದು ಸಲ ಕೋಲಿಂದ ಒಳಗೆ ಒತ್ತಬೇಕು. ಆಮೇಲೆ ಮುಚ್ಚಿಟ್ರೆ ತೆಗೆಯೋದು ವಸಂತದಲ್ಲೇ. ಬಿಳಿ ದ್ರಾಕ್ಷಿ ಹಾಕಿದ್ರೂ ಸಿಪ್ಪೆ ಜೊತೆ ಕೂತಿರೋದ್ರಿಂದ ವೈನು ಜೇನುತುಪ್ಪದ ಬಣ್ಣಕ್ಕೆ ತಿರುಗುತ್ತೆ.

ಟಿಬಿಲಿಸಿಯ ದಕ್ಷಿಣಕ್ಕೆ ಅಗೆದಾಗ ಸಿಕ್ಕ ಮಡಕೆ ಚೂರುಗಳಲ್ಲಿ ದ್ರಾಕ್ಷಿ ವೈನಿನ ಗುರುತು ಇತ್ತು, ಸುಮಾರು 8,000 ವರ್ಷ ಹಳೇದು. 2013ರಲ್ಲಿ ಯುನೆಸ್ಕೋ ಕ್ವೆವ್ರಿ ಪದ್ಧತಿಯನ್ನ ಪರಂಪರೆ ಪಟ್ಟಿಗೆ ಸೇರಿಸ್ತು. ಆದ್ರೆ ಉಳಿಸಿದ್ದು ಇಂಥ ಮನೆಗಳು. ಸೋವಿಯತ್ ಕಾಲದಲ್ಲಿ ಫ್ಯಾಕ್ಟರಿಗೆ ಹೆಚ್ಚು ಇಳುವರಿ ಬರೋ ನಾಲ್ಕಾರು ತಳಿ ಸಾಕು ಅಂತಿದ್ದಾಗ, ಮನೆ ಹಿತ್ತಲಲ್ಲಿ ಹಳೇ ಬಳ್ಳಿ ಕಾಪಾಡಿದವರು ಇವರು. 2006ರಲ್ಲಿ ರಷ್ಯಾ ಜಾರ್ಜಿಯಾದ ವೈನನ್ನೇ ನಿಷೇಧ ಮಾಡ್ತು, 2013ರವರೆಗೆ, ಆಗ ಬೇರೆ ದೇಶಗಳ ಮಾರ್ಕೆಟ್ ಹುಡುಕೋಕೆ ಹೊರಟವರಿಗೆ ಕೈ ಹಿಡಿದವುಗಳಲ್ಲಿ ಈ ಹಳೇ ಗುಡಾಣದ ವೈನೂ ಒಂದು. ನಂಗೆ ಇದು ಬಹಳ ದೊಡ್ಡ ವಿಷಯ ಅನ್ಸುತ್ತೆ, ಯಾಕಂದ್ರೆ ನಮ್ಮ ಹಗೇವನ್ನ ನಾವು ಮಣ್ಣು ಹಾಕಿ ಮುಚ್ಚಿಬಿಟ್ವಿ.

ರಾತ್ರಿ ಊಟಕ್ಕೆ ಕೂತ್ವಿ. ಅಲ್ಲಿ ಸುಮ್ನೆ ಕುಡಿಯಂಗಿಲ್ಲ, ತಮಾದಾ ಅಂತ ಹಿರಿಯರೊಬ್ಬರು ಏನಾದ್ರೂ ಹಾರೈಸಬೇಕು, ಎಲ್ಲರೂ ಗೌಮಾರ್ಜೋಸ್ ಅನ್ಬೇಕು, ಜಯವಾಗಲಿ ಅಂತ ಅರ್ಥ. ಶಾಂತಿಗೆ, ಮನೆಗೆ, ಮಕ್ಕಳಿಗೆ, ಹೀಗೆ ನಡೀತು. ಆಮೇಲೆ ಅಜ್ಜ ಎದ್ದು ಒಣಗಿದ ಸೋರೆಬುರುಡೆ ತಗೊಂಡು ಮರಾನಿಗೆ ಹೋಗಿ ಹೋದ ವರ್ಷದ ವೈನ್ ಮೊಗೆದು ತಂದ್ರು. ತೀರಿಕೊಂಡವರಿಗೆ ಅಂದ್ರು, ಎಲ್ಲರೂ ಎದ್ದು ನಿಂತ್ರು. ನಾನು ಹಗೇವಿನ ಕತೆ ಹೇಳಿದ್ದೆನಲ್ಲ, ನನ್ನ ಕಡೆ ತಿರುಗಿ ನಿಮ್ಮಜ್ಜನ ಹೆಸರೇನು ಅಂತ ಕೇಳಿದ್ರು. ಹೇಳಿದೆ. ಅವರಿಗೆ ನಾಲಿಗೆ ಹೊರಳಲಿಲ್ಲ, ಇನ್ನೊಂದು ಸಲ ಹೇಳಿಸಿಕೊಂಡ್ರು, ನಿಧಾನಕ್ಕೆ ತಾವೇ ಹೇಳಿ ಲೋಟ ಎತ್ತಿದ್ರು.